ಅಪ್ಪಯ್ಯ, ನೋಟಿಸ್ ಕಳಿಸುವ ಮೊದಲು ಇದನ್ನೊಮ್ಮೆ ಓದಿ

ಸಿಂಗಪುರ

ಅಪ್ಪಯ್ಯನಿಗೆ ನಮಸ್ಕಾರಗಳು.

ತೋಟದ ದಾರಿ ವಿಷಯಕ್ಕೆ ಚಿಕ್ಕಪ್ಪನಿಗೆ ವಕೀಲರ ಕೈಲಿ ನೋಟಿಸ್ ಕಳಿಸಲು ಹೊರಟಿದ್ದೀರಂತೆ, ಅಮ್ಮ ಹೇಳಿದರು. ಸ್ವಲ್ಪ ತಡೆಯಿರಿ. ದಾರಿ ನಮ್ಮದೇ ಇರಬಹುದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಇಂಥ ಜಗಳ ಬಿಡಿಸುವ ಕೆಲಸವನ್ನೇ ನಾನಿಲ್ಲಿ ಬಿಡುವಿದ್ದಾಗ ಮಾಡುತ್ತೇನಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ 1998ರಿಂದ ಸರ್ಕಾರದ್ದೇ ಒಂದು ಸಮುದಾಯ ಮಧ್ಯಸ್ಥಿಕೆ ಕೇಂದ್ರ ಇದೆ. ನಡುವೆ ಕೂರುವವರು ನನ್ನ ಹಾಗೆ ತರಬೇತಿ ಪಡೆದ ಸ್ವಯಂಸೇವಕರು. ಬರುವುದು ಜಾಸ್ತಿ ಅಕ್ಕಪಕ್ಕದ ಮನೆಯವರ ಜಗಳ. ಮೇಲಿನವರು ಕೋಲಿಗೆ ಒಣಹಾಕಿದ ಬಟ್ಟೆಯ ನೀರು ಕೆಳಗಿನವರ ಒಣಗಿದ ಬಟ್ಟೆ ಮೇಲೆ ತೊಟ್ಟಿಕ್ಕುತ್ತದೆ, ನಡುರಾತ್ರಿ ಕುರ್ಚಿ ಎಳೆಯುತ್ತಾರೆ, ಹೀಗೆ. ಯಾರ ಮನೆಯದು ಅಂತ ನಿಮಗೂ ಹೇಳುವಂತಿಲ್ಲ.

ಮೊದಲು ಇಬ್ಬರನ್ನೂ ಒಟ್ಟಿಗೆ ಕೂರಿಸುತ್ತೇವೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಬಾರದು. ಅವರು ಹೇಳಿದ್ದರಲ್ಲಿ ಬೈಗುಳವನ್ನಷ್ಟೇ ಬಿಟ್ಟು ನಾನು ತಿರುಗಿ ಹೇಳುತ್ತೇನೆ, 'ಇದೇ ಅಲ್ವಾ ನಿಮ್ಮ ಮಾತು?' ಅಂತ ಕೇಳುತ್ತೇನೆ. ಆಮೇಲೆ ಒಬ್ಬೊಬ್ಬರನ್ನೇ ಬೇರೆ ಕೋಣೆಯಲ್ಲಿ ಕಾಣುತ್ತೇನೆ. ಒಳಗಿನ ಮಾತು ಹೊರಗೆ ಬರುವುದು ಅಲ್ಲೇ. ನೀರು ಬಿದ್ದದ್ದಕ್ಕಿಂತ, ಹೇಳಲು ಹೋದಾಗ ಮುಖದ ಮೇಲೆ ಬಾಗಿಲು ಹಾಕಿದರಲ್ಲ, ಆ ನೋವೇ ದೊಡ್ಡದಿರುತ್ತದೆ. ಅವರು ಒಪ್ಪದೆ ಅದನ್ನು ಆಚೆಯವರಿಗೆ ಹೇಳುವುದಿಲ್ಲ. ತೀರ್ಪನ್ನೂ ಕೊಡುವುದಿಲ್ಲ. ಬಟ್ಟೆ ಚೆನ್ನಾಗಿ ಹಿಂಡಿ ಹಾಕುವುದು, ತೊಂದರೆಯಾದರೆ ಮೊದಲು ಮೆಸೇಜ್ ಮಾಡುವುದು, ಹೀಗೆ ಇಬ್ಬರೂ ಒಪ್ಪಿದ್ದನ್ನು ಮಾತ್ರ ಬರೆದು ಸಹಿ ಹಾಕಿಸುತ್ತೇವೆ. ಹೊಡೆತ, ಬೆದರಿಕೆ ಇರುವ ಕಡೆ ಇದು ನಡೆಯಲ್ಲ. ನಮ್ಮದು ಅಂಥದ್ದಲ್ಲ.

ಬೆಂಗಳೂರಿನಲ್ಲೂ 2007ರಿಂದ ಮಧ್ಯಸ್ಥಿಕೆ ಕೇಂದ್ರ ಇದೆ. ನಿಮಗೆ ಅಷ್ಟು ದೂರ ಬೇಡ, ತೀರ್ಥಹಳ್ಳಿಯಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಉಂಟಲ್ಲ, ಕೇಸು ಹಾಕದೆಯೇ ಅಲ್ಲಿ ಅರ್ಜಿ ಕೊಡಬಹುದು. ಪಹಣಿ, ಪಾಲುಪಟ್ಟಿ, ನಕ್ಷೆ ತೆಗೆದುಕೊಂಡು ಹೋಗಿ. ಆದರೆ ಆ ಸಮಿತಿ ನಡೆಸುವ ಲೋಕ ಅದಾಲತ್ತಿನಲ್ಲಿ, ಅಂದರೆ ರಾಜಿ ಮಾಡಿಸುವ ಜನತಾ ನ್ಯಾಯಾಲಯದಲ್ಲಿ, ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ ಸಮ, ಅಪೀಲು ಇಲ್ಲ. ಪೂರ್ತಿ ಓದಿಯೇ ಸಹಿ ಹಾಕಿ.

ನಾನೇ ಮಾತಾಡಿಸಬಹುದಲ್ಲ ಅಂತ ಅಮ್ಮ ಕೇಳಿದರು. ನಾನು ನಿಮ್ಮ ಮಗ, ಚಿಕ್ಕಪ್ಪ ನನ್ನನ್ನು ಹೇಗೆ ನಂಬಬೇಕು?

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಚಿಕ್ಕಪ್ಪ ದಾರಿಗೆ ಬೇಲಿ ಹಾಕಿದ್ದಕ್ಕಿಂತ ಅಜ್ಜಿಯ ತಿಥಿಗೆ ಕರೆಯಲಿಲ್ಲ ಅನ್ನುವುದೇ ನಿಮಗೆ ಜಾಸ್ತಿ ನೋವಾಗಿದ್ದಲ್ವಾ? ಅದನ್ನು ನೋಟಿಸಿನಲ್ಲಿ ಬರೆಯಲು ಬರಲ್ಲ. ಅಲ್ಲಿ ಕೂತಾಗ ಅದನ್ನೂ ಹೇಳಿ.

ಅಡಿಕೆ ಕೊನೆ ಕೊಯ್ಲು ಶುರುವಾದರೆ ಆ ದಾರಿ ಇಬ್ಬರಿಗೂ ಬೇಕು, ಅಷ್ಟರೊಳಗೆ ಅರ್ಜಿ ಕೊಡಿ. ಭಾನುವಾರ ಫೋನ್ ಮಾಡುತ್ತೇನೆ.

ನಿಮ್ಮ ಮಗ