ದ್ವೀಪ ಆರಿಸುವ ಮೊದಲು ತಿಂಗಳು ನೋಡಿ

ಮಾನ್ಯ ಸಂಪಾದಕರೇ,

ಮದುವೆಯ ಕಾಲ ಬಂತೆಂದರೆ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ, ಜಾಹೀರಾತುಗಳಲ್ಲಿ ನೀಲಿ ಕಡಲು, ಬಿಳಿ ಮರಳು, ‘ಜೋಡಿಗೆ ಇಷ್ಟು ಸಾವಿರ’ ಎಂಬ ಸಾಲು ತುಂಬಿಕೊಳ್ಳುತ್ತವೆ. ಆ ಕಡಲು ಆ ಬಣ್ಣದಲ್ಲಿ ಇರುವುದು ಯಾವ ತಿಂಗಳಲ್ಲಿ ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಬೆಂಗಳೂರಿನಿಂದ ಮಧುಚಂದ್ರಕ್ಕೆಂದು ಮೊದಲ ಬಾರಿ ದ್ವೀಪಕ್ಕೆ ಹೊರಡುವ ಜೋಡಿಗಳು ನಿರಾಸೆಯಿಂದ ಹಿಂದಿರುಗುವುದಕ್ಕೆ ದೊಡ್ಡ ಕಾರಣ ಇದೇ. ಅವರು ದ್ವೀಪವನ್ನು ಮೊದಲು ಆರಿಸಿ, ರಜೆ ಸಿಕ್ಕ ವಾರವನ್ನು ಅದಕ್ಕೆ ಹೊಂದಿಸುತ್ತಾರೆ. ಆಗಬೇಕಾದ್ದು ಇದರ ತಿರುವುಮುರುವು.

ನಮ್ಮಲ್ಲಿ ಮುಹೂರ್ತಗಳು ಹೆಚ್ಚಾಗಿ ಬರುವುದು ವೈಶಾಖ, ಜ್ಯೇಷ್ಠದಲ್ಲಿ. ಆಮೇಲೆ ಕಾರ್ತೀಕ, ಮಾಘ, ಫಾಲ್ಗುಣದಲ್ಲಿ. ಆಷಾಢಕ್ಕೆ ಸೊಸೆಯನ್ನು ತವರಿಗೆ ಕಳಿಸುವ ಪದ್ಧತಿ ಇರುವ ಮನೆಗಳಲ್ಲಿ ‘ಆಷಾಢ ಹುಟ್ಟುವುದರೊಳಗೆ ಹೋಗಿಬನ್ನಿ’ ಎಂದು ಹಿರಿಯರು ಹೇಳುತ್ತಾರೆ, ಜೂನ್‌ನಲ್ಲಿ ಟಿಕೆಟ್ ಆಗುತ್ತದೆ. ಆದರೆ ಜೂನ್ ಎಂದರೆ ನೈರುತ್ಯ ಮುಂಗಾರು ಲಕ್ಷದ್ವೀಪ, ಅಂಡಮಾನ್, ಮಾಲ್ಡೀವ್ಸ್, ಥಾಯ್ಲೆಂಡ್‌ನ ಫುಕೆಟ್ ಎಲ್ಲದರ ಮೇಲೂ ಬೀಸುತ್ತಿರುವ ಹೊತ್ತು. ಕೇರಳಕ್ಕೆ ಜೂನ್ 1ರ ಸುಮಾರಿಗೆ ಮುಟ್ಟುವ ಮಳೆ ಅಂಡಮಾನ್‌ಗೆ ಅದಕ್ಕೂ ಸುಮಾರು ಹತ್ತು ದಿನ ಮೊದಲೇ ಬಂದಿರುತ್ತದೆ.

ಮಳೆಯಲ್ಲಿ ನೆನೆಯುವುದು ದೊಡ್ಡ ವಿಷಯವಲ್ಲ, ಅದು ಎರಡು ಗಂಟೆ ಸುರಿದು ನಿಲ್ಲಬಹುದು. ಕೆಡುವುದು ಕಡಲು. ಪಶ್ಚಿಮಕ್ಕೆ ಮುಖ ಮಾಡಿದ ತೀರಗಳಿಗೆ ದೊಡ್ಡ ಅಲೆ ಬಡಿಯುತ್ತದೆ, ತಳದ ಮರಳು ಕದಡಿ ನೀರು ಮಬ್ಬಾಗುತ್ತದೆ, ಹವಳ ಕಾಣುವುದಿಲ್ಲ, ವೇಗದ ದೋಣಿಗಳು ರದ್ದಾಗುತ್ತವೆ, ಕೆಂಪು ಬಾವುಟ ಏರುತ್ತದೆ. ಚಿತ್ರದಲ್ಲಿ ನೋಡಿದ ತೀರ ಎದುರಿಗೇ ಇರುತ್ತದೆ, ಇಳಿಯಲು ಆಗುವುದಿಲ್ಲ.

ಹಾಗೆಂದು ಜೂನ್‌ನಲ್ಲಿ ಎಲ್ಲೂ ಹೋಗಬಾರದೆಂದಲ್ಲ. ಸಮಭಾಜಕದ ಆಚೆ ಇರುವ ಬಾಲಿಗೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣ ಹವೆ. ಶ್ರೀಲಂಕಾದ ಪಶ್ಚಿಮ, ದಕ್ಷಿಣ ತೀರಗಳು ಮುಂಗಾರಿನಲ್ಲಿ ಒರಟಾಗಿದ್ದರೂ ಬೆಟ್ಟಗಳ ಮರೆಯಲ್ಲಿರುವ ಪೂರ್ವ ತೀರ, ಅಂದರೆ ಟ್ರಿಂಕೋಮಲಿ ಬಳಿಯ ನಿಲಾವೆಲಿ, ಉಪ್ಪುವೆಲಿ, ಅದರ ಕೆಳಗಿನ ಪಾಸಿಕುಡ, ಮೇಯಿಂದ ಸೆಪ್ಟೆಂಬರ್‌ವರೆಗೆ ಶಾಂತವಾಗಿರುತ್ತವೆ. ಕೊಲಂಬೊದಿಂದ ಟ್ರಿಂಕೋಮಲಿಗೆ ರಸ್ತೆಯಲ್ಲಿ ಆರು ಗಂಟೆಯ ದಾರಿ. ದಂಬುಲ್ಲ ಅಥವಾ ಸಿಗಿರಿಯದಲ್ಲಿ ಒಂದು ರಾತ್ರಿ ಉಳಿದರೆ ಪ್ರಯಾಣ ಭಾರವಾಗದು. ಥಾಯ್ಲೆಂಡ್‌ಗೇ ಹೋಗಬೇಕೆಂದಿದ್ದರೆ ಫುಕೆಟ್ ಬಿಟ್ಟು ಕೊಲ್ಲಿಯ ಕಡೆಯ ಕೋ ಸಮುಯಿ ನೋಡಬೇಕು. ನವೆಂಬರ್ ಬಂದಾಗ ಈ ಲೆಕ್ಕ ತಲೆಕೆಳಗಾಗುತ್ತದೆ: ಕೋ ಸಮುಯಿಯಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಭಾರಿ ಮಳೆ, ಫುಕೆಟ್‌ನಲ್ಲಿ ಆಗಲೇ ಹವೆ ತಿಳಿಯಾಗತೊಡಗಿರುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಶ್ರೀಲಂಕಾದ ದಕ್ಷಿಣ ತೀರದ ಮಿರಿಸ್ಸ, ಉನವಟುನ ಚೆನ್ನ, ಪೂರ್ವ ತೀರ ಬೇಡ. ಜನವರಿಯಲ್ಲಿ ಬಾಲಿಗೆ ಟಿಕೆಟ್ ಅಗ್ಗವಾಗಿ ಸಿಕ್ಕರೆ, ಅದು ಅಲ್ಲಿ ಮಳೆ ಅತಿ ಹೆಚ್ಚಿರುವ ಕಾಲ ಎಂಬುದೂ ಗೊತ್ತಿರಲಿ. ಆ ತಿಂಗಳುಗಳಲ್ಲಿ ಅಲ್ಲಿನ ಕೂಟಾ ತೀರಕ್ಕೆ ಅಲೆಯೊಂದಿಗೆ ಕಸವೂ ಬಂದು ಬೀಳುತ್ತದೆ. ಮಾರಿಷಸ್‌ನಲ್ಲಿ ಜನವರಿಯಿಂದ ಮಾರ್ಚ್ ಚಂಡಮಾರುತದ ಕಾಲ.

ಮಾಘ, ಫಾಲ್ಗುಣದಲ್ಲಿ ಮದುವೆಯಾದವರು ಅದೃಷ್ಟವಂತರು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್ ಮೂರೂ ತಿಳಿಯಾಗಿರುತ್ತವೆ.

ಇನ್ನು ಹಣದ ಮಾತು. ಮಾಲ್ಡೀವ್ಸ್‌ನ ರೆಸಾರ್ಟ್ ದರದ ಪಕ್ಕದಲ್ಲಿ ಎರಡು ಪ್ಲಸ್ ಗುರುತು ಇದ್ದರೆ ಸೇವಾ ಶುಲ್ಕ ಮತ್ತು ತೆರಿಗೆ ಬೇರೆ ಎಂದರ್ಥ. ರಾತ್ರಿಗೆ 300 ಡಾಲರ್ ಎಂದು ಹೇಳಿದ ಕೋಣೆಯನ್ನೇ ತೆಗೆದುಕೊಳ್ಳಿ. ಶೇ 10 ಸೇವಾ ಶುಲ್ಕ ಸೇರಿ 330. ಅದರ ಮೇಲೆ ಪ್ರವಾಸೋದ್ಯಮದ ಜಿಎಸ್‌ಟಿ, 2025ರ ಜುಲೈಯಿಂದ ಶೇ 17, ಸೇರಿ 386. ರೆಸಾರ್ಟ್‌ಗಳಲ್ಲಿ ತಲೆಗೆ ದಿನಕ್ಕೆ 12 ಡಾಲರ್‌ನಂತೆ ಹಸಿರು ತೆರಿಗೆ, ಇಬ್ಬರಿಗೆ 24. ಒಟ್ಟು 410 ಡಾಲರ್. ನಾಲ್ಕು ರಾತ್ರಿಗೆ 1,640. ಇದರಲ್ಲಿ ದ್ವೀಪಕ್ಕೆ ಕರೆದೊಯ್ಯುವ ಖರ್ಚು ಇಲ್ಲ. ದೂರದ ಹವಳದ್ವೀಪಗಳಿಗೆ ಸೀಪ್ಲೇನ್, ಅಂದರೆ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನ ಬೇಕು. ಹೋಗಿಬರಲು ತಲೆಗೆ 400ರಿಂದ 600 ಡಾಲರ್‌ವರೆಗೆ ಕೇಳುವುದು ಸಾಮಾನ್ಯ. ಸೀಪ್ಲೇನ್ ಹಗಲಿನಲ್ಲಿ ಮಾತ್ರ ಹಾರುತ್ತದೆ. ಬೆಂಗಳೂರಿನಿಂದ ಸುಮಾರು ಎರಡು ಗಂಟೆ ಹಾರಿ ಸಂಜೆ ರಾಜಧಾನಿ ಮಾಲೆಯಲ್ಲಿ ಇಳಿದರೆ ಆ ರಾತ್ರಿಯನ್ನು ವಿಮಾನ ನಿಲ್ದಾಣದ ಪಕ್ಕದ ಹುಲ್ಹುಮಾಲೆಯಲ್ಲಿ ಕಳೆಯಬೇಕು, ರೆಸಾರ್ಟ್‌ಗೆ ಕಟ್ಟಿದ ಮೊದಲ ರಾತ್ರಿಯ ಹಣ ಹೋದಂತೆಯೇ. ಮೊದಲ ಪ್ರವಾಸಕ್ಕೆ ಮೂರು ನಾಲ್ಕು ರಾತ್ರಿಯಷ್ಟೇ ಇದ್ದರೆ ಉತ್ತರ ಅಥವಾ ದಕ್ಷಿಣ ಮಾಲೆ ಹವಳದ್ವೀಪಗಳಲ್ಲಿ, ಸ್ಪೀಡ್ ಬೋಟ್‌ನಲ್ಲಿ ಒಂದು ಗಂಟೆಯೊಳಗೆ ತಲುಪುವ ಜಾಗ ಹಿಡಿಯುವುದು ಜಾಣತನ. ‘ದಡದಿಂದಲೇ ಈಜಿ ಹವಳ ನೋಡಬಹುದೇ’ ಎಂದು ಬರಹದಲ್ಲಿ ಕೇಳಿ ಉತ್ತರ ಪಡೆಯಿರಿ. ಆಳವಿಲ್ಲದ ಲಗೂನ್ (ದ್ವೀಪದ ಸುತ್ತಲಿನ ಶಾಂತ ನೀರು) ಮಾತ್ರ ಇರುವ ದ್ವೀಪದಲ್ಲಿ ಮೀನು ನೋಡಲು ಪ್ರತಿ ಸಲವೂ ದೋಣಿಗೆ ದುಡ್ಡು ಕೊಡಬೇಕಾಗುತ್ತದೆ.

ಕಡಿಮೆ ಖರ್ಚಿನಲ್ಲಿ ಮಾಲ್ಡೀವ್ಸ್ ಎಂದು ತೋರಿಸುವ ಮಾಫುಷಿಯಂಥ ದ್ವೀಪಗಳು ಸ್ಥಳೀಯರು ವಾಸಿಸುವ ಊರುಗಳು. ಅಲ್ಲಿ ಮದ್ಯವಿಲ್ಲ, ಈಜುಡುಗೆಗೆ ಗೊತ್ತುಪಡಿಸಿದ ತೀರ ಮಾತ್ರ, ಸರ್ಕಾರಿ ದೋಣಿ ಸಾಮಾನ್ಯವಾಗಿ ಶುಕ್ರವಾರ ಓಡುವುದಿಲ್ಲ. ಶಾಂತವಾಗಿರಲು ಬಯಸುವ ಜೋಡಿಗೆ ಇದು ಒಳ್ಳೆಯ ಆಯ್ಕೆಯೇ. ಪೂಜೆಯ ವಿಗ್ರಹಗಳನ್ನು ಮಾಲ್ಡೀವ್ಸ್‌ಗೆ ಒಯ್ಯುವಂತಿಲ್ಲ. ಅಮ್ಮ ಚೀಲದಲ್ಲಿ ಇಟ್ಟುಕೊಟ್ಟ ಪುಟ್ಟ ಗಣಪ ಮನೆಯಲ್ಲೇ ಇರಲಿ.

ನನ್ನನ್ನು ಕೇಳಿದರೆ ಜನವರಿಯಿಂದ ಏಪ್ರಿಲ್ ನಡುವೆ ಮೊದಲ ಸಲ ಹೊರಡುವವರಿಗೆ ಅಂಡಮಾನ್‌ಗಿಂತ ಒಳ್ಳೆಯದಿಲ್ಲ. ಪಾಸ್‌ಪೋರ್ಟ್ ಬೇಡ, ರೂಪಾಯಿ ನಡೆಯುತ್ತದೆ, ಬೆಂಗಳೂರಿನಿಂದ ನೇರ ವಿಮಾನದಲ್ಲಿ ಎರಡೂವರೆ ಗಂಟೆ. ವಿಮಾನ ಇಳಿಯುವ ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಎಂದು ಹೆಸರು. ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಈಗ ಶಹೀದ್ ದ್ವೀಪ. ಟಿಕೆಟ್‌ನಲ್ಲಿ ಒಂದು ಹೆಸರು, ಹೋಟೆಲಿನವರ ಬಾಯಲ್ಲಿ ಇನ್ನೊಂದು ಕಂಡರೆ ಗಾಬರಿ ಬೇಡ.

ಐದು ರಾತ್ರಿಗೆ ಹೀಗೆ ಹಂಚಬಹುದು: ಪೋರ್ಟ್ ಬ್ಲೇರ್‌ನಲ್ಲಿ ಒಂದು, ಹ್ಯಾವ್‌ಲಾಕ್‌ನಲ್ಲಿ ಎರಡು, ನೀಲ್‌ನಲ್ಲಿ ಒಂದು, ಕೊನೆಗೆ ಮತ್ತೆ ಪೋರ್ಟ್ ಬ್ಲೇರ್‌ನಲ್ಲಿ ಒಂದು. ಈ ಕೊನೆಯ ರಾತ್ರಿಯನ್ನು ಉಳಿತಾಯದ ಹೆಸರಲ್ಲಿ ಕತ್ತರಿಸುವವರೇ ಹೆಚ್ಚು. ಕಡಲು ಎದ್ದು ಹಡಗು ರದ್ದಾದರೆ ಮರುದಿನದ್ದೇ ಗತಿ. ಅದೇ ದಿನ ವಿಮಾನವಿದ್ದರೆ ಟಿಕೆಟ್ ಹಣ ಮುಳುಗುತ್ತದೆ. ಖಾಸಗಿ ಹಡಗುಗಳು ಹ್ಯಾವ್‌ಲಾಕ್‌ಗೆ ಒಂದೂವರೆಯಿಂದ ಎರಡೂವರೆ ಗಂಟೆ ತೆಗೆದುಕೊಳ್ಳುತ್ತವೆ. ವಿಮಾನದ ಟಿಕೆಟ್ ತೆಗೆದ ದಿನವೇ ಹಡಗಿನ ಟಿಕೆಟ್ಟನ್ನೂ ತೆಗೆಯಿರಿ; ಡಿಸೆಂಬರ್ ಕೊನೆಯ ವಾರದಲ್ಲಿ ಹೋಟೆಲ್ ಸಿಕ್ಕರೂ ಹಡಗು ಸಿಗದೆ ಒದ್ದಾಡುವವರಿದ್ದಾರೆ. ಹೊಟ್ಟೆ ತೊಳಸುವವರು ಮಾತ್ರೆಯನ್ನು ವೈದ್ಯರನ್ನು ಕೇಳಿ ಹಡಗು ಹತ್ತುವ ಮೊದಲೇ ನುಂಗಬೇಕು, ವಾಂತಿ ಶುರುವಾದ ಮೇಲೆ ಅದು ಕೆಲಸ ಮಾಡದು.

ಅಲ್ಲಿ ನಮ್ಮದೇ ಗಡಿಯಾರ, ಆದರೆ ಸೂರ್ಯ ನಮಗಿಂತ ಮುಂದೆ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೇ ಮುಳುಗುತ್ತಾನೆ. ಹ್ಯಾವ್‌ಲಾಕ್‌ನ ರಾಧಾನಗರ ತೀರದಲ್ಲಿ ಸೂರ್ಯಾಸ್ತ ನೋಡಬೇಕೆಂದರೆ ಮೂರೂವರೆಗೆ ಅಲ್ಲಿರಬೇಕು. ಬೆಳಿಗ್ಗೆ ಐದೂವರೆಗೆ ಬೆಳಕಾಗುತ್ತದೆ, ದಿನವನ್ನು ಆಗಲೇ ಶುರು ಮಾಡಿ.

ಇನ್ನೊಂದು ಉಪಾಯ ನಮ್ಮ ಗೋಡೆಯ ಕ್ಯಾಲೆಂಡರಿನಲ್ಲೇ ಇದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಭರತ ಇಳಿತಗಳ ಅಂತರ ಅತಿ ಹೆಚ್ಚು. ನೀಲ್‌ನ ಕಲ್ಲಿನ ಕಮಾನಿನ ಬಳಿ ನಡೆದು ಹೋಗಲು, ಬಂಡೆಗಳ ನಡುವಿನ ಗುಂಡಿಗಳಲ್ಲಿ ಜೀವಿಗಳನ್ನು ನೋಡಲು ಇಳಿತವೇ ಬೇಕು. ಅಲ್ಲಿನ ಭರತ್‌ಪುರ ತೀರದಲ್ಲಿ ನೀರೊಳಗೆ ನೋಡುವ ಗಾಜಿನ ಮುಖವಾಡ ಹಾಕಿ ತೇಲಲು ಮಾತ್ರ ನೀರು ಏರಿರಬೇಕು, ಇಲ್ಲವಾದರೆ ಮೊಣಕಾಲುದ್ದದ ನೀರಿನಲ್ಲಿ ಹವಳದ ಮೇಲೆ ಕಾಲಿಟ್ಟು ಅದನ್ನೂ ಮುರಿದು ಕಾಲನ್ನೂ ಕೊಯ್ದುಕೊಳ್ಳುತ್ತೀರಿ. ಹ್ಯಾವ್‌ಲಾಕ್‌ನಲ್ಲಿ ರಾತ್ರಿ ಕಯಾಕ್ ಎಂಬ ಸಣ್ಣ ದೋಣಿಯಲ್ಲಿ ಹುಟ್ಟು ಹಾಕಿದಾಗ ನೀರು ಮಿನುಗುವುದನ್ನು ನೋಡುವ ಆಸೆಯಿದ್ದರೆ ಅಮಾವಾಸ್ಯೆಯ ಹಿಂದುಮುಂದಿನ ದಿನಗಳನ್ನು ಆರಿಸಿ; ಬೆಳದಿಂಗಳಲ್ಲಿ ಆ ಮಿನುಗು ಕಾಣುವುದಿಲ್ಲ. ದಡದಲ್ಲಿ ಸಿಕ್ಕ ಹವಳದ ಚೂರು, ಶಂಖ, ಚಿಪ್ಪುಗಳನ್ನು ಚೀಲಕ್ಕೆ ಹಾಕಿಕೊಳ್ಳಬೇಡಿ. ಹವಳವೂ ಅನೇಕ ಶಂಖಗಳೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಹಿಡಿಯುತ್ತಾರೆ. ಉಪ್ಪುನೀರಿನ ಮೊಸಳೆಯ ಎಚ್ಚರಿಕೆ ಫಲಕ ಇರುವ ತೀರದಲ್ಲಿ, ಬೇರೆಯವರು ಇಳಿದಿದ್ದರೂ ನೀವು ಇಳಿಯಬೇಡಿ.

ಲಕ್ಷದ್ವೀಪದ ನೀರು ಇದಕ್ಕಿಂತ ತಿಳಿ. ಆದರೆ ಪ್ರವೇಶ ಪರವಾನಗಿ ಬೇಕು, ಕೋಣೆಗಳು ಕಡಿಮೆ, ಬಂಗಾರಂ ದ್ವೀಪ ಬಿಟ್ಟರೆ ಮದ್ಯವಿಲ್ಲ, ವಿಮಾನ ನಿಲ್ದಾಣವಿರುವ ಅಗತ್ತಿ ದ್ವೀಪಕ್ಕೆ ಹೋಗುವುದು ಸಣ್ಣ ವಿಮಾನ. ಪರವಾನಗಿ ಕೈಗೆ ಬರುವ ಮೊದಲು ವಾಪಸಾಗದ ಟಿಕೆಟ್ ತೆಗೆಯುವುದು ಅಪಾಯ. ಎರಡನೇ ಪ್ರವಾಸಕ್ಕೆ ಇಟ್ಟುಕೊಳ್ಳಿ.

ಬಾಲಿಗೆ ಹೋಗುವವರು ಅದನ್ನು ಬರೀ ಕಡಲತೀರವೆಂದು ಭಾವಿಸಬಾರದು. ಕೂಟಾದಲ್ಲಿ ಕಂದು ಮರಳು, ಬಲವಾದ ಅಲೆ. ಈಜು ಬಾರದವರಿಗೆ ಹವಳದ ತಡೆ ಇರುವ ಸಾನೂರ್, ನೂಸಾ ದುವಾ ಮೇಲು. ತಿಳಿನೀರು ಬೇಕೆಂದರೆ ಸಾನೂರಿನಿಂದ ದೋಣಿ ಹಿಡಿದು ನೂಸಾ ಲೆಂಬೊಂಗನ್‌ಗೆ ದಾಟಿ. ಸ್ಕೂಟರ್ ಬಾಡಿಗೆಗೆ ಪಡೆಯುವುದಾದರೆ ಹೊರಡುವ ಮೊದಲು ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಅದಿಲ್ಲದೆ ಬಿದ್ದರೆ ಪ್ರವಾಸ ವಿಮೆಯವರು ಆಸ್ಪತ್ರೆಯ ಬಿಲ್ ಕೊಡಲು ಒಪ್ಪುವುದಿಲ್ಲ. ಅಲ್ಲಿನ ನ್ಯೇಪಿ ಎಂಬ ಮೌನದ ಹಬ್ಬ ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುವುದುಂಟು, 2023ರಲ್ಲಿ ಎರಡೂ ಒಂದೇ ದಿನ ಬಿದ್ದಿದ್ದವು. ಆ ದಿನ 24 ಗಂಟೆ ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ, ಹೋಟೆಲಿನಿಂದ ಹೊರಗೆ ಕಾಲಿಡುವಂತಿಲ್ಲ. ಯುಗಾದಿ ರಜೆಗೆ ಟಿಕೆಟ್ ತೆಗೆಯುವವರು ಆ ವರ್ಷದ ನ್ಯೇಪಿ ಯಾವತ್ತು ಎಂದು ಮೊದಲು ನೋಡಿ.

ಸಸ್ಯಾಹಾರಿಗಳ ಕಷ್ಟ ಹೊರಗಿನಿಂದ ಕಾಣದು. ಶ್ರೀಲಂಕಾದ ಸಂಬೋಲ್ ಎಂಬ ತೆಂಗಿನಕಾಯಿ ಚಟ್ನಿಗೆ, ಕೆಲವೊಮ್ಮೆ ಬೇಳೆ ಸಾರಿಗೂ ಒಣ ಮೀನಿನ ಪುಡಿ ಬೀಳುತ್ತದೆ. ಥಾಯ್ ಅಡುಗೆಯಲ್ಲಿ ಮೀನಿನ ಸಾಸ್, ಬಾಲಿಯ ಸಂಬಲ್ ಎಂಬ ಮೆಣಸಿನಕಾಯಿ ಚಟ್ನಿಯಲ್ಲಿ ಸಿಗಡಿಯ ಪೇಸ್ಟ್. ‘ವೆಜ್’ ಎಂದರೆ ಮಾಂಸದ ತುಂಡು ಇಲ್ಲದಿದ್ದರೆ ಸಾಕೆಂದು ತಿಳಿಯುವವರೇ ಹೆಚ್ಚು. ಈ ಪದಾರ್ಥಗಳ ಹೆಸರು ಹೇಳಿ ‘ಇದೂ ಬೇಡ’ ಎನ್ನಬೇಕು. ಮಾಲ್ಡೀವ್ಸ್ ರೆಸಾರ್ಟ್‌ಗೆ ಬುಕಿಂಗ್ ಮಾಡುವಾಗಲೇ ಬರೆದು ತಿಳಿಸಿ.

ನೀರಿಗೆ ಇಳಿಯುವ ಮಾತನ್ನು ಜೋಡಿಯಲ್ಲಿ ಹೆಚ್ಚು ಹೆದರುವವರಿಂದ ಶುರು ಮಾಡಬೇಕು. ಒಬ್ಬರಿಗೆ ಭಯವಿದ್ದರೆ ಹೊರಡುವ ಮೊದಲೇ ಬಡಾವಣೆಯ ಈಜುಕೊಳದಲ್ಲಿ ಮುಖ ಮುಳುಗಿಸಿ ಬಾಯಲ್ಲಿ ಉಸಿರಾಡುವುದನ್ನು ಕಲಿತುಕೊಳ್ಳಲಿ. ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಲ್ಲಿ ಮುಳುಗುವುದು, ಒಗ್ಗುತ್ತದೋ ಇಲ್ಲವೋ ನೋಡಲು ನಮ್ಮ ಮುರುಡೇಶ್ವರದ ನೇತ್ರಾಣಿಯೇ ಇದೆ, ಮಳೆಗಾಲ ಬಿಟ್ಟು. ಮುಖವಾಡವನ್ನು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರು ಎಳೆಯಿರಿ; ಕೈಬಿಟ್ಟರೂ ಅಂಟಿಕೊಂಡಿದ್ದರೆ ಅಳತೆ ಸರಿ. ದಪ್ಪ ಮೀಸೆ ಇದ್ದರೆ ಅಂಚಿನಿಂದ ನೀರು ಸೋರುತ್ತದೆ, ಮೂಗಿನ ಕೆಳಗೆ ಒಂದು ಗೆರೆಯಷ್ಟು ಬೋಳಿಸಿದರೆ ಸಾಕು. ತೇಲುತ್ತಿರುವಾಗ ಬೆನ್ನು, ಮೊಣಕಾಲ ಹಿಂಭಾಗ ಸುಡುವುದು ತಿಳಿಯುವುದಿಲ್ಲ. ಕ್ರೀಮಿಗಿಂತ ತುಂಬುತೋಳಿನ ಈಜಂಗಿ ಮೇಲು. ಅಸ್ತಮಾ, ಸೈನಸ್, ಕಿವಿಯ ತೊಂದರೆ ಇರುವವರು ವೈದ್ಯರ ಒಪ್ಪಿಗೆಯಿಲ್ಲದೆ ಸ್ಕೂಬಾ ಮಾಡಬಾರದು. ಮಾಡಿದ ಮೇಲೆ 18 ಗಂಟೆಯಾದರೂ ವಿಮಾನ ಹತ್ತಬಾರದು, ರಕ್ತದಲ್ಲಿ ಕರಗಿದ ಸಾರಜನಕ ಎತ್ತರದಲ್ಲಿ ಗುಳ್ಳೆಯಾಗಿ ಹೊರಬೀಳುವ ಅಪಾಯವಿದೆ. ಆದ್ದರಿಂದ ಸ್ಕೂಬಾ ಪ್ರವಾಸದ ಮೊದಲರ್ಧದಲ್ಲೇ ಇರಲಿ.

ಕಾಗದಪತ್ರದಲ್ಲಿ ಹೊಸದಾಗಿ ಮದುವೆಯಾದವರು ಎಡವುವುದು ಹೆಸರಿನಲ್ಲಿ. ಹೆಂಡತಿಯ ಪಾಸ್‌ಪೋರ್ಟ್ ತವರಿನ ಹೆಸರಿನಲ್ಲಿದ್ದರೆ ಟಿಕೆಟ್ ಕೂಡ ಅದೇ ಹೆಸರಿನಲ್ಲಿ, ಅದೇ ಅಕ್ಷರಗಳಲ್ಲಿ ಇರಬೇಕು. ಪ್ರವಾಸಕ್ಕಾಗಿ ಅವಸರದಲ್ಲಿ ಹೆಸರು ಬದಲಿಸುವ ಅಗತ್ಯವಿಲ್ಲ. ತಲುಪುವ ದಿನದಿಂದ ಆರು ತಿಂಗಳಾದರೂ ಪಾಸ್‌ಪೋರ್ಟ್‌ನ ಅವಧಿ ಇರಲಿ. ವಿದೇಶದ ಪ್ಯಾಕೇಜ್ ಕೊಂಡಾಗ ಟಿಸಿಎಸ್ (ಮಾರುವವರೇ ಮೊದಲು ವಸೂಲಿ ಮಾಡುವ ತೆರಿಗೆ) ಎಂದು ಹಿಡಿಯುವ ಮೊತ್ತ ಕಳೆದುಹೋದ ಹಣವಲ್ಲ. ಯಾರ ಪ್ಯಾನ್ ಕೊಟ್ಟಿದ್ದೀರೋ ಅವರ ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಿ ಹೊಂದಿಸಿಕೊಳ್ಳಬಹುದು.

ಸಂಪಾದಕರಲ್ಲಿ ಒಂದು ಕೋರಿಕೆ. ಪ್ರವಾಸ ಪುಟದಲ್ಲಿ ಯಾವ ದ್ವೀಪದ ಲೇಖನ ಬಂದರೂ, ಚಿತ್ರ ಯಾವ ತಿಂಗಳಲ್ಲಿ ತೆಗೆದದ್ದು, ಯಾವ ತಿಂಗಳುಗಳಲ್ಲಿ ಅಲ್ಲಿ ದೋಣಿ ನಿಲ್ಲುತ್ತದೆ, ವಿಮಾನ ನಿಲ್ದಾಣದಿಂದ ಕೋಣೆಯವರೆಗಿನ ಪ್ರಯಾಣಕ್ಕೆ ಎಷ್ಟಾಗುತ್ತದೆ, ಇಷ್ಟನ್ನು ಚಿತ್ರದ ಕೆಳಗೆ ಎರಡು ಸಾಲಿನಲ್ಲಿ ಮುದ್ರಿಸಿ. ಜ್ಯೇಷ್ಠದ ಮುಹೂರ್ತಗಳಿಗೆ ಮುನ್ನ, ಜೂನ್‌ನಲ್ಲಿ ಹೊರಡುವವರಿಗಾಗಿಯೇ ಒಂದು ಪುಟ ಮಾಡಿದರೆ ಇನ್ನೂ ಉಪಕಾರವಾಗುತ್ತದೆ.

ಇಂತಿ,
ಓದುಗ
ಮಲ್ಲೇಶ್ವರ, ಬೆಂಗಳೂರು