ಏನೂ ಅನ್ನಿಸುವುದಿಲ್ಲ ಎಂದು ಬರೆದಿದ್ದೀಯಲ್ಲ

ವಿಜಯಪುರ,
ಸೋಮವಾರ

ಚಿ. ಸವಿತಾಳಿಗೆ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿನ್ನ ಅವ್ವ ಹೇಳಿಯೇ ಇರುತ್ತಾಳೆ. ನಾನು ಬರೆಯುತ್ತಿರುವುದು ನಿನ್ನ ಪತ್ರದ ಒಂದೇ ಸಾಲಿಗಾಗಿ. "ಮೊದಲ ತಿಂಗಳು ಜನರ ಹೆಸರು ಓದುವಾಗ ಮೈ ಝುಂ ಎನ್ನುತ್ತಿತ್ತು, ಈಗ ಏನೂ ಅನ್ನಿಸುವುದಿಲ್ಲ ಮಾವಶಿ, ಅದೇ ಹೆದರಿಕೆ" ಎಂದು ಬರೆದಿದ್ದೀಯಲ್ಲ, ಆ ಸಾಲು. ಮೂರು ರಾತ್ರಿಯಿಂದ ಸರಿಯಾಗಿ ನಿದ್ದೆಯಿಲ್ಲ.

ನಿನ್ನ ಕೆಲಸ ನನಗೆ ತಿಳಿದಷ್ಟು ಇಷ್ಟು: ಮತದಾರರ ಪಟ್ಟಿಗೆ ಮೊಬೈಲ್ ನಂಬರು ಹೊಂದಿಸುವುದು, ಅದಕ್ಕೆ ಜಾತಿ, ಸಾಲ, ಯಾರು ಏನು ಕೊಂಡರು ಎಂಬುದನ್ನೆಲ್ಲ ಜೋಡಿಸುವುದು, ಯಾವ ಮನೆಗೆ ಯಾವ ಮಾತು ಕಳಿಸಿದರೆ ಮನಸ್ಸು ತಿರುಗೀತು ಎಂದು ಗುಂಪು ಮಾಡಿ ಪಕ್ಷದವರಿಗೆ ಕೊಡುವುದು. "ನಾವು ಯಾರ ಮಾತನ್ನೂ ಕೇಳುವುದಿಲ್ಲ, ಬರೀ ವಿವರ ಅಷ್ಟೆ" ಎಂದೂ ಬರೆದಿದ್ದೀಯ. ಈ ಮಾತನ್ನು ನಾನೂ ಹೇಳಿದವಳು. ನಿನ್ನ ಅವ್ವನಿಗೂ ಇದನ್ನು ಹೇಳಿಲ್ಲ.

ನಾನು ಟೆಲಿಫೋನ್ ಕಚೇರಿಯಲ್ಲಿ ಟ್ರಂಕ್ ಬೋರ್ಡಿನ, ಅಂದರೆ ಪರವೂರಿಗೆ ಫೋನ್ ಕೂಡಿಸಿಕೊಡುವ ಬೋರ್ಡಿನ ಮುಂದೆ ಕುಳಿತಿದ್ದ ಊರಿನ ಹೆಸರು ಬೇಡ. ನೂರು ಲೈನಿನ ಹಳೆಯ ಬೋರ್ಡು. ಪುಟ್ಟ ಮುಚ್ಚಳ ಟಕ್ಕನೆ ಬಿದ್ದರೆ ಯಾರೋ ಕರೆಯುತ್ತಿದ್ದಾರೆ ಎಂದರ್ಥ. ಪ್ಲಗ್ ಚುಚ್ಚಿ, ಕೀ ಮುಂದಕ್ಕೆ ಒತ್ತಿ, ನಂಬರು ಕೇಳಿ ಟಿಕೆಟ್, ಅಂದರೆ ಆ ಕರೆಯ ಚೀಟಿ, ಬರೆಯಬೇಕು. ಲೈನ್ ಕೂಡಿದ್ದು ಖಾತ್ರಿಯಾದ ಮೇಲೆ ಕೀ ಹಿಂದಕ್ಕೆ ತರಬೇಕು. ತರದಿದ್ದರೆ ಎರಡೂ ಕಡೆಯ ಮಾತು ಕಿವಿಯಲ್ಲಿ. ಮೊದಮೊದಲು ಕೀ ಹಿಂದಕ್ಕೆ ತರಲು ಅವಸರ ಮಾಡುತ್ತಿದ್ದೆ, ಬೇರೆಯವರ ಮಲಗುವ ಕೋಣೆಯ ಬಾಗಿಲು ತೆರೆದಷ್ಟು ನಾಚಿಕೆಯಾಗುತ್ತಿತ್ತು. ಎರಡು ವರ್ಷ ಕಳೆಯುವುದರೊಳಗೆ ಸಾವು, ಹೆರಿಗೆ, ಹತ್ತಿಯ ಧಾರಣೆ ಎಲ್ಲ ಒಂದೇ ಆಗಿಹೋಯಿತು. ಯಾರದೋ ಅಳು ಕಿವಿಯಲ್ಲಿರುವಾಗಲೇ ರೊಟ್ಟಿ ಮುರಿದು ಉಂಡಿದ್ದೇನೆ. ಏನೂ ಅನ್ನಿಸುತ್ತಿರಲಿಲ್ಲ, ಸವಿತಾ. ನಿನ್ನ ಹಾಗೆಯೇ. ನಿನ್ನ ಹಾಗೆ ಹೆದರಿಕೆಯೂ ಆಗಲಿಲ್ಲ ನನಗೆ.

1983ರ ಜನವರಿಯಲ್ಲಿ ವಿಧಾನಸಭೆ ಚುನಾವಣೆ. ಅದಕ್ಕೆ ಎರಡು ತಿಂಗಳು ಮುಂಚಿನಿಂದ ಒಬ್ಬ ಪುಢಾರಿಯ ಕಡೆಯವನು ಸಂಜೆ ಹೊತ್ತು ಬರತೊಡಗಿದ. ನನ್ನ ವರ್ಗಾವಣೆ ತಪ್ಪಿಸಿಕೊಟ್ಟವನು, ಮನೆಯವರಿಗೆ ಬೇಕಾದವನು. "ಮಾತು ಬೇಡ ಬಾಯಿ, ಯಾರು ಯಾವ ನಂಬರಿಗೆ ಎಷ್ಟು ಹೊತ್ತಿಗೆ ಹಚ್ಚಿದರು, ಅಷ್ಟು ಹೇಳಿದರೆ ಸಾಕು" ಎಂದ. ಅಷ್ಟೇ ತಾನೆ ಎಂದು ಟಿಕೆಟ್ ಕಟ್ಟನ್ನು ಅವನ ಕಡೆ ಸರಿಸಿದೆ. ಎದುರು ಪಕ್ಷಕ್ಕೆ ದುಡ್ಡು ಕೊಡುತ್ತಿದ್ದ ಒಬ್ಬ ಹತ್ತಿ ಅಡತಿಯವರ ಟಿಕೆಟ್‌ಗಳನ್ನು ಅವನು ಬೇರೆ ತೆಗೆದಿಟ್ಟು ನೋಡಿದ. ಹುಬ್ಬಳ್ಳಿಗೆ ಮೂರು, ಬೆಂಗಳೂರಿಗೆ ಎರಡು. ಮತ್ತೆ ಪ್ರತಿ ಸೋಮವಾರ ಬೆಳಿಗ್ಗೆ ಮಿರಜ್‌ಗೆ ಒಂದು, ಆರು ನಿಮಿಷ. ಮಿರಜ್‌ಗೆ ನಮ್ಮ ಕಡೆಯವರು ಯಾಕೆ ಫೋನ್ ಹಚ್ಚುತ್ತಾರೆ ಎಂಬುದು ಯಾರಿಗೆ ಗೊತ್ತಿಲ್ಲ? ಆ ನಂಬರು ಯಾವ ದವಾಖಾನೆಯದು ಎಂದು ಅವನು ಹುಡುಕಿಕೊಂಡ. ಆ ಮನೆಯಲ್ಲಿ ಮಗಳ ನಿಶ್ಚಯ ಆಗಿತ್ತು. ಹದಿನೈದು ದಿನದೊಳಗೆ ಊರೆಲ್ಲ ಆ ಹುಡುಗಿಯ ರೋಗದ ಮಾತು. ಸಂಬಂಧ ಮುರಿಯಿತು, ತಂದೆ ಚುನಾವಣೆ ಮುಗಿಯುವವರೆಗೆ ಮನೆಯಿಂದ ಹೊರಗೆ ಬರಲಿಲ್ಲ.

ನಾನು ಒಂದು ಮಾತನ್ನೂ ಕೇಳಿಸಿಕೊಂಡಿರಲಿಲ್ಲ. ಬರೀ ನಂಬರು, ಹೊತ್ತು, ನಿಮಿಷ.

ಎಷ್ಟೋ ವರ್ಷದ ಮೇಲೆ, 2013ರ ಜೂನ್‌ನಲ್ಲಿ, ಎಡ್ವರ್ಡ್ ಸ್ನೋಡೆನ್ ಎಂಬ ಹುಡುಗ ಬಯಲು ಮಾಡಿದ ಮೊದಲ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಎರಡೆರಡು ಸಲ ಓದಿದೆ. ಅಮೆರಿಕದ ವೆರಿಝಾನ್ ಕಂಪನಿ ತನ್ನ ಗ್ರಾಹಕರ ಕರೆಗಳ ಲೆಕ್ಕವನ್ನು ದಿನಾ ಸರ್ಕಾರಕ್ಕೆ ಒಪ್ಪಿಸುತ್ತಿತ್ತು, ಯಾರು ಯಾರಿಗೆ, ಯಾವಾಗ, ಎಷ್ಟು ಹೊತ್ತು ಎಂದು. ನಿಮ್ಮ ಮಾತನ್ನು ಯಾರೂ ಕೇಳುತ್ತಿಲ್ಲ ಎಂದು ಅಲ್ಲಿಯ ಅಧ್ಯಕ್ಷರು ಸಮಾಧಾನ ಹೇಳಿದರು. ನನ್ನ ಟಿಕೆಟ್ ಕಟ್ಟೇ ಕಣ್ಣ ಮುಂದೆ ಬಂತು. 1988ರಲ್ಲಿ ಫೋನ್ ಕದ್ದಾಲಿಕೆಯ ಗದ್ದಲದಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟಾಗಲೂ ಕಚೇರಿಯಲ್ಲಿ ಎಲ್ಲರೂ ಅದನ್ನೇ ಆಡುತ್ತಿದ್ದರು, ನಾನು ತಲೆ ಎತ್ತಲಿಲ್ಲ.

ನಿನ್ನ ಮುಂದಿರುವುದು ನನ್ನ ನೂರು ಲೈನಿನ ಬೋರ್ಡಲ್ಲ. ಕೇಂಬ್ರಿಡ್ಜ್ ಅನಲಿಟಿಕಾ ಪ್ರಕರಣ ನಿನಗೆ ಗೊತ್ತಿದ್ದೀತು, ಒಂದು ಆ್ಯಪ್ ಮೂಲಕ ಫೇಸ್‌ಬುಕ್ ಬಳಸುವವರ ವಿವರ ತೆಗೆದು ಚುನಾವಣೆ ಪ್ರಚಾರಕ್ಕೆ ಬಳಸಿದ ಕಂಪನಿಯದು. 2018ರಲ್ಲಿ ಫೇಸ್‌ಬುಕ್ ತಾನೇ ಕೊಟ್ಟ ಲೆಕ್ಕದಂತೆ ಭಾರತದಲ್ಲಿ ಆ ಆ್ಯಪ್ ಹಾಕಿಕೊಂಡವರು 335 ಜನ, ವಿವರ ಸೋರಿಹೋಗಿರಬಹುದಾದವರು 5.62 ಲಕ್ಷ. ಗೆಳೆಯರ ಪಟ್ಟಿ ಹಿಡಿದು ಹೋದದ್ದು. ಅಷ್ಟೂ ಜನರ ವಿವರ ಯಾರದೋ ಕೈ ದಾಟಿಯೇ ಹೋಗಿರಬೇಕು, ಆ ಕೈಗೂ ಏನೂ ಅನ್ನಿಸಿರಲಿಕ್ಕಿಲ್ಲ. ನಿನ್ನ ಸಾಲಿಗೆ ನಾನು ಇಷ್ಟು ಅಂಜಿದ್ದು ಇದಕ್ಕೇ. ಕೇಡು ಮಾಡುವಾಗ ನನಗೆ ಸಿಟ್ಟಿರಲಿಲ್ಲ, ಆಸೆಯೂ ಇರಲಿಲ್ಲ. ಆ ಹೊತ್ತಿಗೆ ಊಟದ ಡಬ್ಬಿ ತೆರೆದಿತ್ತು.

ಕೆಲಸ ಬಿಡು ಎನ್ನುವ ಧೈರ್ಯ ನನಗಿಲ್ಲ. ಮನೆಯ ಪರಿಸ್ಥಿತಿ ಇಬ್ಬರಿಗೂ ಗೊತ್ತು, ನಾನೂ ಬಿಟ್ಟವಳಲ್ಲ. ಆದರೆ ಈ ವಿವರ ಎಲ್ಲಿಂದ ಬಂತು, ಜನ ಒಪ್ಪಿ ಕೊಟ್ಟದ್ದೇ ಎಂದು ಮೇಲಿನವರನ್ನು ಒಮ್ಮೆ ಕೇಳು. ಬಾಯಿಮಾತಿನಲ್ಲಿ ಬೇಡ, ಇಮೇಲ್‌ನಲ್ಲಿ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯ ಮಾತಾಡುತ್ತದೆ. ಸರ್ಕಾರ ತನ್ನ ಸಂಸ್ಥೆಗಳಿಗೆ ಬೇಕಾದಾಗ ವಿನಾಯಿತಿ ಕೊಟ್ಟುಕೊಳ್ಳುವ ದಾರಿಯನ್ನೂ ಅದರಲ್ಲೇ ಇಟ್ಟುಕೊಂಡಿದೆ, ಆದರೆ ನಿನ್ನ ಕಂಪನಿ ಸರ್ಕಾರವಲ್ಲವಲ್ಲ. ಬೇರೆ ವಿಭಾಗ ಕೇಳಿ ನೋಡು. ಇದೆಲ್ಲ ಅಲ್ಲಿ ನಡೆಯುತ್ತದೆಯೋ ಇಲ್ಲವೋ, ನೀನೇ ಬಲ್ಲೆ.

ಇನ್ನೊಂದು. ಹುಚ್ಚುತನ ಅನ್ನಿಸಿದರೆ ಬಿಟ್ಟುಬಿಡು. ದಿನಕ್ಕೆ ಒಬ್ಬರದ್ದಾದರೂ ಪೂರ್ತಿ ಓದು. ಹೆಸರು, ತಂದೆಯ ಹೆಸರು, ವಯಸ್ಸು, ಮನೆ ನಂಬರು. ಅವರ ಅಂಗಳ ಹೇಗಿದ್ದೀತು ಎಂದು ಒಂದು ಗಳಿಗೆ ನಿಂತು ನೆನೆ.

ಬಚ್ಚಿಡುವಂಥದ್ದು ಬಡವರ ಹತ್ತಿರ ಏನಿದೆ ಎಂದು ನಿನ್ನ ಜೊತೆಯವರು ಅನ್ನುತ್ತಾರಂತೆ. ನಮ್ಮ ಹೈಕೋರ್ಟಿನಿಂದ ನಿವೃತ್ತರಾದ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯಕ್ಕೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ್ದು 2012ರಲ್ಲಿ, 86ನೇ ವಯಸ್ಸಿನಲ್ಲಿ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಬಡವರಿಗೊಂದು, ಶ್ರೀಮಂತರಿಗೊಂದು ಎನ್ನಲಿಲ್ಲ. ಅಡತಿಯವರ ಮನೆಯಲ್ಲಿ ಬಚ್ಚಿಟ್ಟದ್ದು ಕಳ್ಳತನವಲ್ಲ, ಮಗಳ ಕಾಯಿಲೆ.

ಆ ಹುಡುಗಿಯ ತಾಯಿ ಸಂಬಂಧ ಮುರಿದ ಮೇಲೂ ಸೋಮವಾರ ಫೋನ್ ಎತ್ತುತ್ತಿದ್ದಳು. "ನೀವೇ ಇದ್ದೀರಾ ಬಾಯಿ? ನೀವು ಹಚ್ಚಿಕೊಟ್ಟರೆ ಮಿರಜ್ ಲೈನ್ ಸ್ವಚ್ಛ ಬರುತ್ತದೆ" ಎನ್ನುತ್ತಿದ್ದಳು. ಹಚ್ಚಿಕೊಡುತ್ತಿದ್ದೆ. ಕೀ ಹಿಂದಕ್ಕೆ ತರುತ್ತಿದ್ದೆ. ಹೇಳಬೇಕಾಗಿದ್ದನ್ನು ಹೇಳಲಿಲ್ಲ. ಆಮೇಲೆ ವರ್ಗವಾಗಿ ಇಲ್ಲಿಗೆ ಬಂದೆ.

ನಮ್ಮ ಓಣಿಯ ಪಟ್ಟಿ ನಿನ್ನ ಮುಂದೆ ಬಂದಿತ್ತೇ, ನನ್ನ ಹೆಸರಿನ ಮುಂದೆ ಏನು ಬರೆದಿತ್ತು ಎಂದು ಕೇಳಬೇಕೆಂದು ನಿನ್ನೆಯೆಲ್ಲ ಅನ್ನಿಸುತ್ತಿತ್ತು. ಕೇಳುವುದಿಲ್ಲ. ಬಂದಿದ್ದರೂ ನೀನು ನನಗೆ ಹೇಳಬೇಡ.

ನಿನ್ನ ಮಾವಶಿ