ಮಗಳಿಗೊಂದು ಪತ್ರ: ಕಂಬಳಿ ಹಂಚುವ ಮುಂಚೆ

ಪ್ರೀತಿಯ ಮಗಳೇ,

ನಿನ್ನ ಪತ್ರ ತಲುಪಿತು. ಬೆಳಗಾವಿಯ ಬಸ್ ನಿಲ್ದಾಣದ ಬಳಿ ಮಲಗುವವರಿಗೆ ನಿಮ್ಮ ಚರ್ಚಿನ ಸಭೆಯ ಯುವಕರು ಕ್ರಿಸ್ಮಸ್ಸಿಗೆ ಮುಂಚೆ ಕಂಬಳಿ ಹಂಚಿದ್ದು, ಫೋಟೊ ತೆಗೆಯುವಾಗ ಮುದುಕನೊಬ್ಬ ಟವೆಲಿನಿಂದ ಮುಖ ಮುಚ್ಚಿಕೊಂಡದ್ದು, ಅವನೊಬ್ಬನನ್ನು ಬಿಟ್ಟು ನೀವೆಲ್ಲ ಮುಂದೆ ಹೋದದ್ದು, ಇಷ್ಟನ್ನೂ ಬರೆದು, "ಅವ್ವಾ, ದುಡ್ಡು ಕೊಟ್ಟವರಿಗೆ ಲೆಕ್ಕ ತೋರಿಸುವುದು ಬೇಡವೇ?" ಎಂದು ಕೇಳಿದ್ದೀಯ. ಉತ್ತರಕ್ಕಿಂತ ಮೊದಲು, ನಿನಗೆ ಈವರೆಗೆ ಹೇಳದೆ ಇಟ್ಟುಕೊಂಡ ಒಂದು ಸಂಗತಿಯನ್ನು ಹೇಳಬೇಕಾಗಿದೆ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳೇ ನೀರಿನಲ್ಲಿ ನಿಂತಾಗ ನೀನು ಧಾರವಾಡದ ಹಾಸ್ಟೆಲಿನಲ್ಲಿದ್ದೆ. ನಾವು ಆರಾಮವಾಗಿದ್ದೇವೆಂದು ಫೋನಿನಲ್ಲಿ ಹೇಳಿದೆನಲ್ಲ, ಆಗ ನಾನೂ ನಿನ್ನ ಅಪ್ಪನೂ ಶಾಲೆಯ ಕೋಣೆಯೊಂದರಲ್ಲಿ ಇನ್ನೂ ಆರು ಮನೆಯವರೊಂದಿಗೆ ಇದ್ದೆವು. ಮೂರನೆಯ ದಿನ ಎಲ್ಲಿಂದಲೋ ಒಂದು ತಂಡ ಲಾರಿ ತುಂಬ ಹಳೆಯ ಬಟ್ಟೆ ತಂದಿತು. ನನ್ನ ಕೈಗೆ ಬಂದ ಗಂಟಿನಲ್ಲಿ ತೋಳು ಹರಿದ ಕುಪ್ಪಸವಿತ್ತು. ನನ್ನ ತವರು ಗುಳೇದಗುಡ್ಡದ ಖಣ ನೇಯುವ ಮನೆ ಎಂಬುದು ನಿನಗೆ ಗೊತ್ತು. 1851ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಗಳು ಅಲ್ಲಿಗೆ ಬಂದಾಗಲೂ ನಮ್ಮ ಹಿರಿಯರು ಮಗ್ಗದ ಮುಂದೆಯೇ ಕೂತಿದ್ದರಂತೆ. ಕುಪ್ಪಸದ ಖಣ ನೇಯುವ ಮನೆಯ ಮಗಳು ಹರಿದ ಕುಪ್ಪಸಕ್ಕೆ ಕೈಚಾಚಿ ನಿಂತಿದ್ದೆ. ಅದನ್ನಾದರೂ ಸಹಿಸಿಕೊಂಡೆ. ಆದರೆ ಆ ಗಂಟನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಸ್ವಲ್ಪ ನಗಬೇಕೆಂದು ಒಬ್ಬ ಹುಡುಗ ಹೇಳಿದ. ನಾನು ಎತ್ತಿ ಹಿಡಿದೆ, ನಕ್ಕೆ ಕೂಡ. ನಿನ್ನ ಅಪ್ಪ ಮಾತ್ರ ಗೋಡೆಯ ಕಡೆಗೆ ತಿರುಗಿ ನಿಂತಿದ್ದರು.

ಮರುದಿನ ಇನ್ಯಾರೋ ಕಟಕ ರೊಟ್ಟಿಯ ಚೀಲಗಳನ್ನು ಇಳಿಸಿ ಹೋದರು. ಒಂದು ಚೀಲದಲ್ಲಿ ರೊಟ್ಟಿಗಳ ಮೇಲೆ ಶೇಂಗಾ ಚಟ್ನಿಯ ಪೊಟ್ಟಣ, ಬೆಂಕಿಪೆಟ್ಟಿಗೆ, ವೃತ್ತಪತ್ರಿಕೆಯಲ್ಲಿ ಸುತ್ತಿದ ಪ್ಯಾಡುಗಳು, ರಟ್ಟಿನ ತುಂಡಿಗೆ ಚುಚ್ಚಿದ ಎರಡು ಸೂಜಿ, ಕರಿ ದಾರದ ಒಂದು ಉಂಡೆ ಇದ್ದವು. ಹೆಸರು, ಊರು ಒಂದೂ ಇರಲಿಲ್ಲ. ಮನೆ ಕಳೆದುಕೊಂಡ ಹೆಂಗಸಿಗೆ ನಾಲ್ಕನೆಯ ದಿನ ಏನು ಬೇಕಾಗುತ್ತದೆ ಎಂದು ಯಾರೋ ಕೂತು ಯೋಚಿಸಿದ್ದರು. ಆ ದಾರದಿಂದಲೇ ಕೋಣೆಯ ಹೆಂಗಸರೆಲ್ಲ ಬಟ್ಟೆ ಹೊಲಿದುಕೊಂಡೆವು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಲೆಕ್ಕ ಖಂಡಿತ ಬೇಕು. ಯೆರೂಸಲೇಮಿನ ಬಡವರಿಗಾಗಿ ಸಭೆಗಳಿಂದ ಹಣ ಕೂಡಿಸಿದಾಗ ಅಪೊಸ್ತಲ ಪೌಲನು, ಯಾರೂ ತಪ್ಪು ಹೊರಿಸಬಾರದೆಂದು, ತನ್ನ ಜೊತೆಗಾರ ತೀತನ ಜೊತೆಗೆ ಸಭೆಗಳು ನಂಬಿದ ಬೇರೆಯವರನ್ನೂ ಕಳುಹಿಸಿದನು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೆಯ ಅಧ್ಯಾಯವನ್ನು ತೆರೆದು ನೋಡು. ರಸೀದಿ, ಎಷ್ಟು ಕಂಬಳಿ, ಎಷ್ಟು ಜನ, ಇವೆಲ್ಲ ಇರಲಿ. ಆದರೆ ಪಡೆದವನ ಮುಖವನ್ನು ರಸೀದಿಯನ್ನಾಗಿ ಮಾಡುವ ಅಧಿಕಾರವನ್ನು ನಮಗೆ ಯಾರೂ ಕೊಟ್ಟಿಲ್ಲ.

ಬೈಬಲಿನ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿ ನನಗೆ ಬಹಳ ಹಿಡಿಸಿದ ಒಂದು ನಿಯಮವಿದೆ. ಸಾಲ ಕೊಟ್ಟವನು ಅಡವಿನ ವಸ್ತುವನ್ನು ತೆಗೆದುಕೊಳ್ಳಲು ಸಾಲಗಾರನ ಮನೆಯೊಳಗೆ ಕಾಲಿಡಕೂಡದು, ಹೊರಗೆ ನಿಲ್ಲಬೇಕು, ಅವನೇ ತಂದುಕೊಡಬೇಕು. ಅಡವಿಟ್ಟವನು ಬಡವನಾದರೆ ಅವನ ಹೊದಿಕೆಯನ್ನು ಹೊತ್ತು ಮುಳುಗುವಷ್ಟರಲ್ಲಿ ಹಿಂದಿರುಗಿಸಬೇಕು. ಅದೇ ಅಧ್ಯಾಯದಲ್ಲಿ, ಹೊಲದಲ್ಲಿ ಮರೆತುಬಂದ ಸಿವುಡನ್ನು ತರಲು ಮತ್ತೆ ಹೋಗಬೇಡಿರಿ, ಅದು ಪರದೇಶಿಗೂ ಅನಾಥರಿಗೂ ವಿಧವೆಗೂ ಸೇರಿದ್ದು ಎಂದಿದೆ. ಜೋಳ ಕೊಯ್ದ ಹೊಲದಲ್ಲಿ ಹಕ್ಕಲು ಆಯುವವರನ್ನು ನೀನು ಚಿಕ್ಕವಳಿದ್ದಾಗ ನೋಡಿದ್ದೀಯ. ಹಕ್ಕಲು ಆಯುವ ಹೆಂಗಸು ಯಾರ ಮುಂದೆಯೂ ಕೈಚಾಚುವುದಿಲ್ಲ, ತನ್ನ ಪಾಲನ್ನು ತಾನೇ ಆರಿಸಿಕೊಳ್ಳುತ್ತಾಳೆ. ಹೊಲದ ಒಡೆಯ ಆ ಹೊತ್ತಿಗೆ ಅಲ್ಲಿ ಇರಬೇಕೆಂದೂ ಇಲ್ಲ. ಕೊಡುವುದು ಕ್ರೈಸ್ತರಿಗೆ ಮನಸ್ಸಾದಾಗ ಮಾಡುವ ಉಪಕಾರವಲ್ಲ, ಕರ್ತವ್ಯ ಎಂದು ನಾನು ನಂಬುವುದು ಈ ಕಾರಣದಿಂದಲೇ.

ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಸಾಮ್ಯಕಥೆಯನ್ನು ಭಾನುವಾರದ ಶಾಲೆಯಲ್ಲಿ ನೀನು ಬಾಯಿಪಾಠ ಒಪ್ಪಿಸಿದ್ದೆ. ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನನ್ನು ಕಂಡೂ ಯಾಜಕನೂ ದೇವಾಲಯದ ಸೇವೆಯ ಲೇವಿಯನೂ ಪಕ್ಕಕ್ಕೆ ಸರಿದು ಹೋದದ್ದನ್ನೇ ಎಲ್ಲರೂ ಪ್ರಸಂಗದಲ್ಲಿ ಎತ್ತಿ ಆಡುತ್ತಾರೆ. ಗಾಯಗೊಂಡವನು ಕಥೆಯುದ್ದಕ್ಕೂ ಒಂದು ಮಾತನ್ನೂ ಆಡುವುದಿಲ್ಲ ಎಂಬುದನ್ನು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಅವನು ಕಣ್ಣು ತೆರೆದನೋ ಇಲ್ಲವೋ, ಕೈ ಮುಗಿದನೋ ಇಲ್ಲವೋ, ಸುವಾರ್ತೆಯಲ್ಲಿ ಲೂಕನು ಬರೆದಿಲ್ಲ. ಸಮಾರ್ಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿ, ತನ್ನ ಪಶುವಿನ ಮೇಲೆ ಕೂರಿಸಿ ಛತ್ರಕ್ಕೆ ಕರೆತಂದು, ಮರುದಿನ ಎರಡು ದೀನಾರಿಗಳನ್ನು, ಅಂದರೆ ಕೂಲಿಯವನ ಎರಡು ದಿನದ ದುಡಿಮೆಯನ್ನು, ಛತ್ರದವನಿಗೆ ಕೊಟ್ಟು, ಹೆಚ್ಚು ಖರ್ಚಾದರೆ ಮರಳಿ ಬರುವಾಗ ತೀರಿಸುತ್ತೇನೆಂದು ಹೇಳಿ ತನ್ನ ದಾರಿ ಹಿಡಿದನು.

ಆ ಮುದುಕನಿಗೆ ಕಂಬಳಿ ತಪ್ಪಿಸಿದ್ದು ನಿಮ್ಮ ತಪ್ಪೇ. ಬಟ್ಟೆಯಿಲ್ಲದವನಿಗೆ ಏನೂ ಕೊಡದೆ 'ಬೆಂಕಿ ಕಾಯಿಸಿಕೋ' ಎಂದು ಹೇಳಿ ಕಳುಹಿಸುವವರನ್ನು ಯಾಕೋಬನು ತನ್ನ ಪತ್ರಿಕೆಯಲ್ಲಿ ಗದರಿಸಿದ್ದಾನೆ. ನೀವು ಅಷ್ಟನ್ನೂ ಹೇಳದೆ ಬಂದಿರಿ. ಬರುವ ಶನಿವಾರ ರಾತ್ರಿ ಡ್ಯೂಟಿ ಇಲ್ಲದಿದ್ದರೆ ಅವನನ್ನು ಹುಡುಕಿಕೊಂಡು ಹೋಗು. ಒಬ್ಬಳೇ ಹೋಗಬೇಡ, ಗೆಳತಿಯನ್ನು ಕರೆದುಕೊಂಡು ಹೋಗು, ಮೊಬೈಲು ಚೀಲದಲ್ಲೇ ಇರಲಿ. 'ಕಾಕಾ' ಎಂದು ಕರೆದು, ಊಟವಾಯಿತೇ ಎಂದು ಕೇಳಿ, ಆಮೇಲೆ ಕೊಡು. ಬೇಡವೆಂದರೆ ಬಲವಂತ ಮಾಡಬೇಡ. ಅವನಿಗೆ ಬೇಕಾದದ್ದು ಗುಳಿಗೆಯೋ ಚಪ್ಪಲಿಯೋ ಇದ್ದೀತು.

ನಾಳೆ ಬೆಳಗಿನ ಬಸ್ಸಿಗೆ ಎರಡು ಕಂಬಳಿ ಕಳುಹಿಸುತ್ತಿದ್ದೇನೆ, ಎರಡೂ ಹೊಸವು. ಒಂದು ಅವನಿಗೆ, ಇನ್ನೊಂದು ನಿನಗೆ. ಬೆಳಗಾವಿಯ ಚಳಿಯನ್ನು ನೀನು ಹಗುರವಾಗಿ ತೆಗೆದುಕೊಂಡಿದ್ದೀಯ ಎಂದು ನಿನ್ನ ಅಪ್ಪ ದಿನವೂ ಗೊಣಗುತ್ತಾರೆ.

ನಿನ್ನ ಅವ್ವ